ಬಾವನ ಐಸು ಪೆಟ್ಟಿಗೆ

ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವುದು ಒಂದು ತಿಂಗಳು, ಉಣ್ಣುವುದು ಇನ್ನೊಂದು ತಿಂಗಳು, ನಗೆಪಾಟಲು ಮಾತ್ರ ದಿನವೂ ಬಿಸಿಬಿಸಿಯಾಗಿ ಆಗುತ್ತಿತ್ತು. ತೊಂಬತ್ತರ ದಶಕದಲ್ಲಿ ತಮಿಳು ಸೀಮೆಯ ಮೆಟ್ಟೂರಿನ ಆ ಮನೆಯಲ್ಲಿ ಇದ್ದವರು ಅಕ್ಕ, ಬಾವ ಮತ್ತು ನಾನು. ಬಾವನದು ಒಂದು ಟೆಂಪೋ. ಪಾಪಿರೆಡ್ಡಿಪಟ್ಟಿ ಕಡೆಯ ತೋಟಗಳಿಂದ ತರಕಾರಿ ತುಂಬಿಕೊಂಡು ಸೇಲಂ ಮಾರುಕಟ್ಟೆಗೆ ಇಳಿಸುವುದು ಅವರ ಕೆಲಸ. ಬೆಲೆ ಬಿದ್ದ ದಿನ ಮಾಲು ಅಲ್ಲೇ ಸುರಿದು ಹೋಗುವವರೇ ಹೆಚ್ಚು. ಹಾಗೆ ಸುರಿದದ್ದನ್ನು ಬಾವ ಗೋಣಿಚೀಲಕ್ಕೆ ತುಂಬಿಕೊಂಡು ಮನೆಗೆ ತರುತ್ತಿದ್ದರು. ಅಡುಗೆಮನೆಯಿಂದ ತಿಪ್ಪೆಗೆ ಏನೂ ಹೋಗಕೂಡದು, ಹೋಗುವುದಾದರೆ ನಮ್ಮ ಹೊಟ್ಟೆಯ ಮೂಲಕವೇ ಹೋಗಬೇಕು ಎನ್ನುವುದು ಅವರ ಕಾನೂನು.

ನಾನು ಒಂದು ಕಾರ್ಖಾನೆಯಲ್ಲಿ ಲಾರಿ ತೂಗುವ ಗುಮಾಸ್ತ. ಅಪ್ಪ ಅಮ್ಮ ಇಲ್ಲದವನು, ಅಕ್ಕನೇ ಸಾಕಿದವಳು. ಮದುವೆಯ ವಯಸ್ಸು ಬಂದು, ನಿಂತು, ಬೇಜಾರಾಗಿ ಹೊರಡಲು ನೋಡುತ್ತಿತ್ತು. ಹೆಣ್ಣಿನ ಕಡೆಯವರು ಬಂದು ನೋಡುವ ಗಂಡಿನ ಮನೆ ಅಂದರೆ ಇದೇ ಮನೆ. ಒಂದು ಒಳ್ಳೆಯ ಕಡೆ ಸಂಬಂಧ ಕುದುರಬೇಕು ಎನ್ನುವುದೊಂದೇ ನನ್ನ ಆಸೆ. ಅದಕ್ಕೆ ಅಡ್ಡ ಬಂದದ್ದು ಜಾತಕವಲ್ಲ, ಐಸು ಪೆಟ್ಟಿಗೆ.

೧. ಮುಂಗಡ ಅಳು

ಧರ್ಮಪುರಿಯಲ್ಲಿ ಯಾರೋ ಐಸ್‌ಕ್ರೀಂ ಅಂಗಡಿ ಮುಚ್ಚಿದರು. ಅವರ ಸಾಮಾನು ಸಾಗಿಸಲು ಹೋದ ಬಾವ ಅದರಲ್ಲೊಂದನ್ನು ನಮ್ಮ ಮನೆಗೇ ಸಾಗಿಸಿಬಿಟ್ಟರು. ಉದ್ದನೆಯ ಬಿಳಿ ಪೆಟ್ಟಿಗೆ, ಮೇಲಿನಿಂದ ತೆಗೆಯುವ ಮುಚ್ಚಳ, ಪಕ್ಕದಲ್ಲಿ ಕೋನ್ ಐಸ್‌ಕ್ರೀಮಿನ ಚಿತ್ರ. ಒಳಗೆ ಇಟ್ಟದ್ದು ಕಲ್ಲಾಗುತ್ತದೆ, ವರ್ಷವಾದರೂ ಕೆಡುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ಬಾವನಿಗೆ ಅದು ದೇವವಾಕ್ಯ.

ನಾಲ್ಕು ಜನ ಹೆಗಲು ಕೊಟ್ಟು ಆ ಪೆಟ್ಟಿಗೆಯನ್ನು ಬೀದಿಯಲ್ಲಿ ತರುವುದನ್ನು ಎದುರುಮನೆ ಅಜ್ಜಿ ನೋಡಿದಳು. ಬಾವ ಟೆಂಪೋ ಹಿಂದೆ ಹಗ್ಗ ಸುತ್ತುತ್ತಿದ್ದರು, ಅವಳಿಗೆ ಕಾಣಲಿಲ್ಲ. ಉದ್ದನೆಯ ಪೆಟ್ಟಿಗೆ, ನಾಲ್ಕು ಹೆಗಲು, ಬಾಗಿಲಲ್ಲಿ ತಲೆಗೆ ಕೈ ಹೊತ್ತು ನಿಂತ ನನ್ನ ಅಕ್ಕ. ಅಜ್ಜಿಗೆ ಇನ್ನೇನು ಬೇಕು? ಸೆರಗು ಬಿಚ್ಚಿ ಬೀದಿಯಲ್ಲೇ ಕುಕ್ಕರಿಸಿ ಒಪ್ಪಾರಿ ಹಿಡಿದಳು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ.

“ಕೈ ತುಂಬ ಕಾಸಿದ್ರೂ ಅರಿದ ಚೆಪ್ಪಲಿ ಮೆಟ್ಟಿದ ಮಾರಾಜ, ಕೊಳ್ತ ಬದನೇಕಾಯ್ನೂ ಕುಯ್ದು ತಿಂದ ಸಾಮಿ, ನಿನ್ ಕೊಡಗೈ ಯಾರಿಗೈತಪ್ಪಾ” ಎಂದು ರಾಗವಾಗಿ ಹಾಡಿದಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಬಾವನೂ ಬಂದು ಹಿಂದೆ ನಿಂತು ಕೇಳುತ್ತಿದ್ದರು. ಯಾರ ಬಗ್ಗೆಯೋ ಇರಬೇಕು, ತುಂಬ ಒಳ್ಳೆಯ ಮನುಷ್ಯ ಇದ್ದಂತೆ ತೋರುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿದರು.

ತಿರುಗಿ ನೋಡಿದ ಅಜ್ಜಿಗೆ ಬಾವ ಕಂಡರು. ಅವಳು ಬೆಚ್ಚಲಿಲ್ಲ. ಕಣ್ಣು ಒರೆಸಿಕೊಂಡು ಎದ್ದು ಸೆರಗು ಕೊಡವಿದಳು. “ಇರ್ಲಿ ಬುಡು ಮಗಾ, ಅಳಾದು ಅತ್ತಾಯ್ತು. ನಿಂಗೆ ಇನ್ನೊಂದ್ಸಾರಿ ಅಳಾಕೆ ನನ್ ಕೈಲಾಗಲ್ಲ” ಎಂದಳು.

ನಮಗೆಲ್ಲ ನಾಚಿಕೆಯಾಯಿತು. ಬಾವನಿಗೆ ಮಾತ್ರ ಅದು ಬಹಳ ಹಿಡಿಸಿತು. ಮುಂದೆ ಎಂದಾದರೂ ಆಗಲೇಬೇಕಾದ ಒಂದು ಕೆಲಸ ಈಗಲೇ ಮುಗಿದು ಕೂತಿತ್ತು.

೨. ಸಿನಿಮಾ ಟಿಕೆಟ್ಟು

ಪೆಟ್ಟಿಗೆ ಅಡುಗೆಮನೆಯಲ್ಲಿ ಹಿಡಿಸದೆ ನಡುಮನೆಯಲ್ಲಿ ಕೂತಿತು. ಮೇಲೊಂದು ಜಮಖಾನ ಹಾಸಿದ್ದರಿಂದ ಬಂದವರು ಅದರ ಮೇಲೇ ಕೂರುತ್ತಿದ್ದರು. ಅಕ್ಕನಿಗೆ ಎರಡು ಬೀನ್ಸು ಬೇಕಾದರೂ ನೆಂಟರನ್ನು ಎಬ್ಬಿಸಬೇಕು. ಐಸ್‌ಕ್ರೀಮಿನ ಚಿತ್ರ ನೋಡಿ ಬೀದಿಯ ಮಕ್ಕಳು ಬರುತ್ತಿದ್ದವು. ಬಾವ ಮುಚ್ಚಳ ತೆಗೆದು ಹೆಪ್ಪುಗಟ್ಟಿದ ಬದನೆಕಾಯಿ ತೋರಿಸುತ್ತಿದ್ದರು. ಮಕ್ಕಳು ಅತ್ತುಕೊಂಡು ಹೋಗುತ್ತಿದ್ದವು.

ವಾರಕ್ಕೊಮ್ಮೆ ತರಕಾರಿ ಹೆಚ್ಚುವ ಹಬ್ಬ. ಭಾನುವಾರ ಬೆಳಿಗ್ಗೆಯಿಂದ ಅಕ್ಕ ಈಳಿಗೆಮಣೆಯ ಮುಂದೆ, ನಾನು ಸುಲಿಯುವುದಕ್ಕೆ, ಬಾವ ಪ್ಲಾಸ್ಟಿಕ್ ಕವರಿಗೆ ತುಂಬಿ ದಾರ ಕಟ್ಟುವುದಕ್ಕೆ. ಆ ದಾರವೂ ಹೂವಿನ ಹಾರದಿಂದ ಬಿಚ್ಚಿಟ್ಟದ್ದು. ಮಾರ್ಗಳಿ ತಿಂಗಳು ಬಂದು ಅವರೆಕಾಯಿ ಮೂಟೆ ಇಳಿದಾಗ ಮೂರು ಜನರ ಕೈ ಸಾಲಲಿಲ್ಲ. ಕಾಳು ಬಿಡಿಸಿ, ನೆನೆಸಿ, ಒಂದೊಂದನ್ನೇ ಹಿದುಕಿ ಸಿಪ್ಪೆ ತೆಗೆಯುವ ಕೆಲಸ ಅಂದರೆ ಬೆರಳು ಬಿದ್ದುಹೋಗುತ್ತದೆ.

ಆಗ ಟೀವಿಯಲ್ಲಿ ಭಾನುವಾರ ಸಾಯಂಕಾಲ ಒಂದು ತಮಿಳು ಸಿನಿಮಾ. ಬೀದಿಗೆ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ. ಬಾವ ಬಾಗಿಲಲ್ಲೇ ಕೂತು, ಒಳಗೆ ಬಂದ ಪ್ರತಿ ಹೆಂಗಸಿಗೂ ನೆನೆದ ಅವರೆಯ ಒಂದು ತಟ್ಟೆ, ಹಿದುಕಿದ ಬೇಳೆಗೆ ಒಂದು ಕವರು, ಸಿಪ್ಪೆಗೆ ಇನ್ನೊಂದು ಕವರು ಕೊಟ್ಟರು. ಅದೇ ಟಿಕೆಟ್ಟು. ಕೈ ನಿಂತರೆ ಟೀವಿ ನಿಲ್ಲುತ್ತಿತ್ತು. ನಾಯಕಿಯ ತಾಯಿ ಸಾಯುವ ಹೊತ್ತಿಗೆ ಎಲ್ಲರೂ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದರು. ಬಾವ ಪಟ್ಟನೆ ಟೀವಿ ಆರಿಸಿ, ತಟ್ಟೆ ಖಾಲಿಯಾಗುವ ತನಕ ಮತ್ತೆ ಹಾಕಲಿಲ್ಲ, ಆ ತಾಯಿ ಯಾರೂ ನೋಡದೆಯೇ ಸತ್ತಳು. ಎದುರುಮನೆ ಅಜ್ಜಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು, ಅವಳು ಆಚೆಯವಳನ್ನು ತಿವಿದಳು.

ಇನ್ನೊಂದು ವಿಷಯ ಹೇಳಬೇಕು. ಟೀವಿಯ ಬೆಳಕೇ ಸಾಕು ಎಂದು ಬಾವ ಟ್ಯೂಬ್‌ಲೈಟ್ ಆರಿಸಿಬಿಡುತ್ತಿದ್ದರು. ಆ ಕತ್ತಲಲ್ಲೇ ಬೇಳೆಯ ಕವರುಗಳನ್ನು ವಾಪಸು ತೆಗೆದುಕೊಂಡು, ದಾರ ಕಟ್ಟಿ, ಪೆಟ್ಟಿಗೆಯ ತಳಕ್ಕೆ ಜೋಡಿಸಿದರು. ಹೆಂಗಸರು ಆವತ್ತು ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ನಡೆದು ಹೋದದ್ದನ್ನು ನಾನು ನೋಡಿದೆ. ಸಿನಿಮಾ ನೋಡಿ ಮನಸ್ಸು ಭಾರವಾಗಿರಬೇಕು ಅಂದುಕೊಂಡೆ.

ಅವರೆ ಕಾಲ ಮುಗಿದು, ಊರಲ್ಲೆಲ್ಲೂ ಅವರೆ ಸಿಗದ ಹೊತ್ತಿಗೆ ಬಾವ ಹೆಮ್ಮೆಯಿಂದ ಒಂದು ಕವರು ತೆಗೆಸಿದರು. ಅಕ್ಕ ಮಸಾಲೆ ಅರೆದು ಸಾರು ಮಾಡಿದಳು. ಮುದ್ದೆ ಮುರಿದು ಸಾರಿನಲ್ಲಿ ಕೈಯಾಡಿಸಿದರೆ ಬರೀ ಸಿಪ್ಪೆ. ಬಾವ ಒಂದಿಷ್ಟು ಅಗಿದರು, ನುಂಗಿದರು, ಯೋಚಿಸಿದರು. ಈ ವರ್ಷ ಮಳೆ ಸಾಲದೆ ಕಾಳು ಬಲಿತಿಲ್ಲ ಎಂದು ಹೇಳಿ, ಇನ್ನೊಂದು ಸೌಟು ಹಾಕಿಸಿಕೊಂಡರು.

೩. ಸೊಪ್ಪಿನ ಸಾರು

ಪೆಟ್ಟಿಗೆಯೊಳಗೆ ಎಲ್ಲದರ ಮೇಲೂ ಬಿಳಿ ಹಿಮ ಕೂತು ಯಾವುದು ಏನೆಂದು ಗೊತ್ತಾಗುತ್ತಿರಲಿಲ್ಲ. ಕವರಿನ ಮೇಲೆ ಹೆಸರು ಬರೆದಿಡೋಣ ಅಂದರೆ ಇಂಕು ದಂಡ ಎನ್ನುತ್ತಿದ್ದರು ಬಾವ. ಅವರು ಬೆರಳ ಗೆಣ್ಣಿನಿಂದ ಕುಟ್ಟಿ ಹೇಳುತ್ತಿದ್ದರು. ಟಣ್ ಅಂದರೆ ಬೀನ್ಸು, ಟಕ್ ಅಂದರೆ ನುಗ್ಗೆಕಾಯಿ, ದಬ್ ಅಂದರೆ ಅರೆದ ಸೊಪ್ಪು.

ಪೆನ್ನಾಗರದ ಹತ್ತಿರ ಒಂದು ಹೆಣ್ಣು ಇದೆ ಎಂದು ನನಗೆ ಮೊದಲ ಸಂಬಂಧ ಬಂತು. ಹೆಣ್ಣು ನೋಡಲು ಹೊರಡುವ ಬೆಳಿಗ್ಗೆ ಅಕ್ಕನಿಗೆ ಅವಸರ. ಬಾವ ಕೈಹಾಕಿ, ಒಂದು ಉಂಡೆ ತೆಗೆದು, ಕುಟ್ಟಿ, ದಬ್ ಅಂದದ್ದರಿಂದ ಸೊಪ್ಪು ಅಂದರು. ಅಕ್ಕ ಅದನ್ನೇ ಬೇಳೆಗೆ ಹಾಕಿ ಕುದಿಸಿದಳು.

ಬಾಯಿಗಿಟ್ಟರೆ ಕಹಿ. ನಾನು ಎರಡು ತುತ್ತಿಗೇ ಕೈ ತೊಳೆದೆ. “ಕಯ್ಯಿ ಇದ್ರೆ ಮೈಗೆ ಒಳ್ಳೇದು ಕಣ್ಲಾ, ಉಣ್ಣು” ಎಂದು ಬಾವ ಬೈದು, ನನ್ನ ತಟ್ಟೆಯಲ್ಲಿ ಮಿಕ್ಕದ್ದನ್ನೂ ತಾವೇ ಕಲಸಿ, ಮಣಿಕಟ್ಟಿನವರೆಗೆ ನೆಕ್ಕಿ ಊಟ ಮುಗಿಸಿದರು. ಬಸ್ಸು ಹತ್ತುವ ಹೊತ್ತಿಗೆ ಪಕ್ಕದ ಮನೆಯವಳು ಓಡಿ ಬಂದು, ಮಗಳ ಮದುವೆಗೆ ಅರೆದು ಉಳಿದಿದ್ದ ಗೋರಂಟಿಯನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟಿದ್ದೆ, ಬೇಕಾಗಿತ್ತು ಅಂದಳು. ಅಕ್ಕ ನನ್ನ ಮುಖ ನೋಡಿದಳು. ನಾನು ಬಾವನ ಕೈ ನೋಡಿದೆ.

ಪೆನ್ನಾಗರ ತಲುಪುವಷ್ಟರಲ್ಲಿ ಗೋರಂಟಿ ಚೆನ್ನಾಗಿ ಹತ್ತಿತ್ತು. ನನ್ನ ತುಟಿ, ನಾಲಿಗೆ, ಹಲ್ಲಿನ ಸಂದು ಎಲ್ಲ ಕೆಂಪು. ಬಾಯಿ ಬಿಡಬಾರದು ಎಂದು ತೀರ್ಮಾನಿಸಿ ಕೇಳಿದ್ದಕ್ಕೆಲ್ಲ ತಲೆ ಆಡಿಸಿದೆ. ಹುಡುಗ ಮೂಗನೇ ಎಂದು ಒಳಗಿನಿಂದ ಯಾರೋ ಕೇಳಿದ್ದರಿಂದ ಬಾಯಿ ಬಿಡಲೇಬೇಕಾಯಿತು. ಹೆಣ್ಣಿನ ತಂದೆ ನನ್ನ ಬಾಯಿ ನೋಡಿದರು. ಆಮೇಲೆ, ಕೈಮುಗಿದು ನಿಂತಿದ್ದ ಬಾವನ ಬಲಗೈ ನೋಡಿದರು. ಅದು ಹಸೆಮಣೆಗೆ ಸಿದ್ಧವಾಗಿ ನಿಂತಿತ್ತು.

“ಇದ್ರಲ್ಲಿ ಮದ್ವೆ ಯಾರಿಗೆ?” ಎಂದು ಕೇಳಿದರು.

೪. ಧರ್ಮಪ್ರಭು

ಪಂಗುನಿ ತಿಂಗಳ ಬೇಸಿಗೆ ಬಿಸಿಲಿನಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಒಂದು ದಿನವಾಯಿತು, ಎರಡು ದಿನವಾಯಿತು, ಕರೆಂಟಿಲ್ಲ. ಪೆಟ್ಟಿಗೆಯ ಕೆಳಗಿನಿಂದ ನೀರು ಹರಿದು ನಡುಮನೆಗೆ ಬಂತು. ಬಾವ ಅದರ ಪಕ್ಕದಲ್ಲೇ ಕೂತು ಗೋಣಿತಾಟು ಹೊದಿಸಿದರು, ಮೈ ಮುಟ್ಟಿ ನೋಡಿದರು. ಅಕ್ಕನಿಗೆ ಜ್ವರ ಬಂದಾಗ ಅಷ್ಟು ಮುಟ್ಟಿ ನೋಡಿದ್ದನ್ನು ನಾನು ಕಂಡಿಲ್ಲ.

ಬೀದಿಯವರಿಗೆ ಹಂಚಿಬಿಡೋಣ ಅಂದಳು ಅಕ್ಕ. ಹಂಚಿದರೆ ತಿಂದುಬಿಡುತ್ತಾರಲ್ಲ ಎಂದರು ಬಾವ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಹೇಗೂ ಹೋಗುವ ಮಾಲು, ಹೆಸರಾದರೂ ಬರಲಿ ಎಂದು ಬೀದಿ ಕೊನೆಯ ಮಾರಿಯಮ್ಮನ ಗುಡಿಯಲ್ಲಿ ಅನ್ನದಾನ ಇಟ್ಟರು. ಬೀನ್ಸು, ಬದನೆ, ಕುಂಬಳ, ನುಗ್ಗೆ, ಟೊಮೆಟೊ, ತಳದಲ್ಲಿ ಇನ್ನೂ ಕಲ್ಲಾಗಿದ್ದ ಕೆಲವು ಕವರು ಬಿಟ್ಟು ಮಿಕ್ಕ ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ಸುರಿದು ಕೂಟು ಮಾಡಿಸಿದರು. ಬಿಸಿಯಾಗಿತ್ತು, ಖಾರವಾಗಿತ್ತು, ಜನಕ್ಕೆ ಹಸಿವಾಗಿತ್ತು. ಉಂಡವರೆಲ್ಲ ಬಾವನನ್ನು ಹೊಗಳಿದರು.

ನಂಗವಳ್ಳಿ ಕಡೆಯಿಂದ ಹರಕೆ ತೀರಿಸಲು ಬಂದ ಒಬ್ಬ ತಾತನೂ ಆ ಪಂಕ್ತಿಯಲ್ಲಿದ್ದರು. ಪಕ್ಕದಲ್ಲಿ ಅವರ ಮೊಮ್ಮಗಳು. ನಾನು ಕೂಟು ಬಡಿಸುತ್ತಾ ಬಂದಾಗ ಆ ಹುಡುಗಿ ಎಲೆಯ ಮೇಲಿನ ಒಂದು ಬದನೆ ಹೋಳನ್ನು ಬೆರಳಿಂದ ಸರಿಸಿ, ತಾತನಿಗೆ ಕೇಳದ ಹಾಗೆ, ಇದು ಯಾವ ಕಾಲದ್ದು ಅಂದಳು. ಅದನ್ನು ಮಾತ್ರ ಕೇಳಬೇಡಿ ಅಂದೆ. ಅವಳು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಹಾಗೆ ನಗುವವಳು ಮನೆಗೆ ಬಂದರೆ ಸಾಕು ಅನ್ನಿಸಿತು, ಆ ಪೆಟ್ಟಿಗೆಯ ಜೊತೆ ಬಾಳಲು ಅಂಥವಳೇ ಬೇಕು. ಆ ಕ್ಷಣದಿಂದ ನನಗೆ ಬೇರೆ ಹೆಣ್ಣಿನ ಮಾತು ಬೇಡವಾಯಿತು.

ಕೊನೆಯ ಪಂಕ್ತಿ ಕೂತಿತ್ತು. ಅಷ್ಟರಲ್ಲಿ ಗುಡಿಯ ಬಲ್ಬು ಹತ್ತಿತು. ಕರೆಂಟು ಬಂತು ಎಂದು ಎಲ್ಲರೂ ಕೈ ತಟ್ಟಿದರು. ಬಾವನ ಮುಖ ಮಾತ್ರ ಕಪ್ಪಿಟ್ಟಿತು. ಇನ್ನೂ ಅರ್ಧ ಕೊಪ್ಪರಿಗೆ ಉಳಿದಿದೆ, ಪೆಟ್ಟಿಗೆ ಈಗ ಮತ್ತೆ ತಣ್ಣಗಾಗುತ್ತದೆ, ನಾನು ನೋಡಿದರೆ ಕೈ ಬಿಚ್ಚಿ ಬಡಿಸುತ್ತಿದ್ದೇನೆ. ಅವರು ಓಡಿ ಬಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡರು.

ಕೈ ತೊಳೆದು ಬರುತ್ತಿದ್ದ ತಾತ ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. “ಪಾರ್ರಾ, ನೋಡು, ಎಂತಾ ಮನ್ಸ. ಆಳ್ಗೋಳ್ ಕೈಲಿ ಬಡಿಸಿದ್ರೆ ಸಾಲ್ದು, ತಾನೇ ಬಡಿಸ್ಬೇಕು ಅಂತಾನೆ” ಎಂದು ಮೊಮ್ಮಗಳಿಗೆ ಹೇಳಿದರು. ಆ ಮನೆಯಲ್ಲಿ ಮದುವೆಗೆ ಒಬ್ಬ ಹುಡುಗ ಇದ್ದಾನೆ ಎಂದು ವಿಚಾರಿಸಿಕೊಂಡೇ ಊರಿಗೆ ಹೋದರು.

೫. ಕೈ ನೆನೆಸುವುದು

ನಮ್ಮ ಜನರಲ್ಲಿ ಒಂದು ಪದ್ಧತಿ. ಸಂಬಂಧ ನೋಡಲು ಬಂದವರು ಒಪ್ಪಿಗೆಯಾಗುವ ತನಕ ಆ ಮನೆಯಲ್ಲಿ ಕೈ ನೆನೆಸುವುದಿಲ್ಲ. ನೀರು ಕುಡಿಯಬಹುದು, ಕಾಫಿ ಕುಡಿಯಬಹುದು, ಪಾನಕ ಕುಡಿಯಬಹುದು. ಉಪ್ಪು ಹಾಕಿ ಬೇಯಿಸಿದ್ದು ನಾಲಿಗೆಗೆ ತಗುಲಿತೋ, ಸಂಬಂಧ ಒಪ್ಪಿದಂತೆ. ಆಮೇಲೆ ಇಲ್ಲ ಅಂದವರಿಗೆ ನಾಲ್ಕು ಜನರ ಎದುರು ಮರ್ಯಾದೆ ಇರುವುದಿಲ್ಲ. ಗುಡಿಯಲ್ಲಿ ಉಂಡದ್ದು ದೇವರ ಪ್ರಸಾದ, ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಚಿತ್ತಿರೈ ತಿಂಗಳ ಒಂದು ಮಧ್ಯಾಹ್ನ ತಾತ ಬಂದರು. ಜೊತೆಗೆ ಅವರ ಸೊಸೆ, ಅಂದರೆ ಹುಡುಗಿಯ ತಾಯಿ. ಧರ್ಮಪ್ರಭುವಿನ ಮನೆ ಎಂದು ತಾತ ಕೈಮುಗಿದುಕೊಂಡೇ ಒಳಗೆ ಬಂದರು. ಅಕ್ಕ ಅವರನ್ನು ಐಸು ಪೆಟ್ಟಿಗೆಯ ಮೇಲೆ ಕೂರಿಸಿದಳು, ಬೇರೆ ಜಾಗ ಇರಲಿಲ್ಲ. ಅಡಿಯಲ್ಲಿ ತಣ್ಣಗೆ ಹತ್ತಿದ್ದರಿಂದ ಅವರು ಎದ್ದು ಇದೇನು ಅಂದರು. ನಾನು ಬೇಡ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಬಾವ ಜಮಖಾನ ಎಳೆದು ಮುಚ್ಚಳ ತೆಗೆದರು.

ಅವರಿಗೆ ತೋರಿಸುವ ಹುಮ್ಮಸ್ಸು. ಇದು ಕಾರ್ತಿಕದ ಬೀನ್ಸು, ಇದು ಹೋದ ದೀಪಾವಳಿಯ ಕುಂಬಳ ಎಂದು ಒಂದೊಂದನ್ನೇ ಕುಟ್ಟಿ ಕುಟ್ಟಿ ಪರಿಚಯ ಮಾಡಿಕೊಟ್ಟರು. ತಾತನ ಮುಖ ಇಳಿಯುತ್ತಾ ಹೋಯಿತು. ಒಂದು ಕವರಿನಲ್ಲಿ ಕಂದು ಗಡ್ಡೆ ಕಂಡು ಇದೇನು ಅಂದರು. ಗುಡಿಯಲ್ಲಿ ಮಿಕ್ಕಿದ ಕೂಟು, ಸ್ವಲ್ಪ ಇಟ್ಟುಕೊಂಡಿದ್ದೇವೆ, ಬಿಸಿ ಮಾಡಿಕೊಡಲಾ ಅಂದರು ಬಾವ. ಸೌಟು ಯಾಕೆ ಕಿತ್ತುಕೊಂಡಿದ್ದು ಎಂದು ತಾತನಿಗೆ ಆಗ ಅರ್ಥವಾಯಿತು.

ಸೊಸೆ ಆಗಲೇ ಚೀಲ ಎತ್ತಿಕೊಂಡಿದ್ದಳು. “ಊರಿಗೋಗಿ ಯೋಳ್ಕಳಿಸ್ತೀವಿ” ಅಂದರು ತಾತ. ನಮ್ಮ ಕಡೆ ಈ ಮಾತು ಹೇಳಿದ ಮೇಲೆ ಯಾರೂ ಹೇಳಿಕಳಿಸುವುದಿಲ್ಲ. ಗೋರಂಟಿ ತಿಂದ ದಿನ ಕೂಡ ನನಗೆ ಅಷ್ಟು ಕಹಿಯಾಗಿರಲಿಲ್ಲ. ಆ ಹುಡುಗಿಯ ನಗು ಕಣ್ಣ ಮುಂದೆ ಬಂದು, ಪೆಟ್ಟಿಗೆಯನ್ನೂ ಬಾವನನ್ನೂ ಒಟ್ಟಿಗೆ ಕಾವೇರಿಗೆ ದೂಡಬೇಕು ಅನ್ನಿಸಿತು.

ಅಕ್ಕ ಅವರ ದಾರಿಗೆ ಅಡ್ಡ ನಿಂತಳು. ಈ ಬಿಸಿಲಲ್ಲಿ ಹಾಗೇ ಹೋದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ, ಬೆಲ್ಲದ ಪಾನಕ ಈಗ ತಾನೇ ಕದಡಿದ್ದು, ಅದನ್ನಾದರೂ ಕುಡಿಯಿರಿ ಎಂದು ಅಂಗಲಾಚಿದಳು. ಪಾನಕಕ್ಕೆ ದೋಷವಿಲ್ಲ, ಬಾಯಿಯೂ ಒಣಗಿತ್ತು. ತಾತ ನಿಂತುಕೊಂಡೇ ಲೋಟ ಹಿಡಿದರು. ನಂಗವಳ್ಳಿ ದಾರಿಯಲ್ಲಿ ಐಸು ಎಲ್ಲಿ ಸಿಗುತ್ತದೆ ಎಂದು ಬಾವ ಪೆಟ್ಟಿಗೆಯೊಳಗೆ ಕೈಬಿಟ್ಟು ಐಸಿನ ತಟ್ಟೆ ತೆಗೆದು, ಎರಡೂ ಲೋಟಕ್ಕೆ ಧಾರಾಳವಾಗಿ ತುಂಡು ಹಾಕಿದರು. ಧಾರಾಳ ಎನ್ನುವ ಮಾತನ್ನು ಬಾವನ ವಿಷಯದಲ್ಲಿ ನಾನು ಬಳಸುವುದು ಇದೊಂದೇ ಸಲ.

ತಾತ ಗಟಗಟ ಕುಡಿದರು. ಒಂದು ತುಂಡು ಬಾಯಿಗೆ ಬಂತು, ಕಟುಂ ಎಂದು ಕಡಿದರು. ಕಡಿದವರು ಹಾಗೇ ನಿಂತರು. ನಿಧಾನವಾಗಿ ಬೆರಳು ಬಾಯಿಗೆ ಹಾಕಿ ಒಂದು ಕರಿಬೇವಿನ ಎಲೆ ತೆಗೆದರು. ಆಮೇಲೆ ಎರಡು ಸಾಸಿವೆ ಕಾಳು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

ಅಕ್ಕ ತಲೆ ತಲೆ ಚಚ್ಚಿಕೊಂಡಳು. ಹೋದ ವಾರ ಮಿಕ್ಕಿದ ತಿಳಿಸಾರನ್ನು ಬಾವ ಐಸಿನ ತಟ್ಟೆಯಲ್ಲಿ ಹುಯ್ದು ಇಟ್ಟಿದ್ದರು. ಬೇಕಾದಾಗ ಎರಡು ತುಂಡು ಬಿಸಿನೀರಿಗೆ ಹಾಕಿದರೆ ಸಾರು. ಹಿಮ ಕೂತ ಮೇಲೆ ನೀರಿನ ತಟ್ಟೆ ಯಾವುದು, ಸಾರಿನ ತಟ್ಟೆ ಯಾವುದು ಎಂದು ಅವರಿಗೂ ತಿಳಿದಿರಲಿಲ್ಲ. ಕುಟ್ಟಿ ನೋಡಲೂ ಇಲ್ಲ.

ಇನ್ನು ಬೈಗುಳ ಬೀಳುತ್ತದೆ ಎಂದು ನಾವು ಮೂವರೂ ತಲೆ ತಗ್ಗಿಸಿದೆವು. ತಾತ ಬೈಯಲಿಲ್ಲ. ಬಾವನನ್ನು ನೋಡಿ ಬಹಳ ಮೆಲ್ಲಗೆ ಕೇಳಿದರು: “ಇದ್ರಾಗೆ ಉಪ್ಪೈತಾ?”

“ಐತೆ” ಅಂದರು ಬಾವ. ಅದನ್ನು ಹೇಳುವಾಗಲೂ ಸಾರು ಚೆನ್ನಾಗಿತ್ತು ಎನ್ನುವ ಧ್ವನಿ ಅವರದು.

ತಾತ ಒಂದು ನಿಟ್ಟುಸಿರು ಬಿಟ್ಟು ಮತ್ತೆ ಪೆಟ್ಟಿಗೆಯ ಮೇಲೆ ಕೂತರು. ಹೆಗಲ ಮೇಲಿನ ಟವಲು ತೆಗೆದು ಮಡಿಲಲ್ಲಿಟ್ಟುಕೊಂಡರು. “ಆಯ್ತು. ಎಲೆ ಆಕಮ್ಮ” ಅಂದರು ಅಕ್ಕನಿಗೆ.

ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಸೊಸೆ ಕೂತಿರಲಿಲ್ಲ. ಅವಳು ತನ್ನ ಲೋಟವನ್ನು ಹಾವು ಹಿಡಿದ ಹಾಗೆ ಮೈಯಿಂದ ದೂರ ಹಿಡಿದುಕೊಂಡಿದ್ದಳು. “ಮಾವ, ನಾನಿನ್ನೂ ಕುಡ್ದಿಲ್ಲ” ಅಂದಳು.

ಎಲ್ಲರೂ ಅವಳ ಕೈಯಲ್ಲಿದ್ದ ಲೋಟ ನೋಡಿದೆವು. ತುಂಡುಗಳು ಕರಗುತ್ತಿದ್ದವು, ಮೇಲೆ ಒಂದು ಒಣಮೆಣಸಿನಕಾಯಿ ತೇಲಿ ಬಂತು. ನನ್ನ ಇಡೀ ಬಾಳು ಆ ಲೋಟದಲ್ಲಿತ್ತು. ಇದು ತಾಯಿ ಹೇಳಬೇಕಾದ ಮಾತು ಎಂದು ತಾತ ಸೊಸೆಗೇ ಬಿಟ್ಟರು. ಅವಳು ನನ್ನ ಮುಖ ನೋಡಿದಳು. ನಾನು ಅಳುವ ಹಾಗೆ ಇದ್ದೆನೋ ಏನೋ. ಮನೆಯಲ್ಲಿ ಹುಡುಗಿ ಏನಾದರೂ ಹೇಳಿ ಕಳಿಸಿದ್ದಳೋ, ಅದನ್ನು ಇವತ್ತಿಗೂ ತಾಯಿ ಮಗಳು ಇಬ್ಬರೂ ಬಾಯಿ ಬಿಟ್ಟಿಲ್ಲ. ಕೊನೆಗೆ ಅವಳು ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಇಡೀ ಲೋಟ ಕುಡಿದು ಕೆಳಗಿಟ್ಟಳು.

ಬಾಯಿ ಒರೆಸಿಕೊಂಡು ಬಾವನ ಕಡೆ ತಿರುಗಿದಳು. ನಮ್ಮಲ್ಲಿ ಮದುವೆ ನಡೆಯುವುದು ಗಂಡಿನ ಮನೆಯಲ್ಲಿ. ಅವಳು ಆ ಪದ್ಧತಿಯನ್ನೇ ಮುರಿದಳು.

“ಅಣ್ಣಾ, ಹೆಣ್ಣು ಕೊಟ್ವಿ. ಆದ್ರೆ ಮದ್ವೆ ನಮ್ಮೂರಾಗೆ. ಅವತ್ತೇ ಮಾಡಾದು, ಅವತ್ತೇ ಉಣ್ಣಾದು.”

ಅಕ್ಕ ಸಂತೋಷಕ್ಕೆ ಅತ್ತುಬಿಟ್ಟಳು. ನಾನು ತಾತನ ಕಾಲಿಗೆ ಬಿದ್ದೆ. ಬಾವ ಮಾತ್ರ ಅಲ್ಲೇ ನಿಂತು, ಖಾಲಿಯಾದ ಐಸಿನ ತಟ್ಟೆ ಹಿಡಿದುಕೊಂಡು, ಏನೋ ಗಾಢವಾಗಿ ಯೋಚಿಸುತ್ತಿದ್ದರು.

“ಮಿಕ್ಕಿದ್ರೆ?” ಅಂದರು.